ಕಾಯುವ ಹೊತ್ತಿನ ಲೆಕ್ಕ

1973ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ತನ್ನ 1,000 ಶಾಖೆ, 10,000 ಕ್ಯಾಷಿಯರ್‌ಗಳು ಮತ್ತು ಒಂದು ಕೋಟಿ ಖಾತೆಗಳನ್ನು ಕಂಪ್ಯೂಟರಿಗೆ ನೇರವಾಗಿ ಜೋಡಿಸಲು ಹೊರಟಿತು. ಜನ ಹೆಚ್ಚಿರುವ ಹೊತ್ತಿನಲ್ಲಿ ಸೆಕೆಂಡಿಗೆ 100 ವಹಿವಾಟು ಸಾಗಬೇಕು ಎಂಬುದು ಅದರ ಅಂದಾಜು. ಎರಡು ಬಿಡ್ ಬಂದವು. ಮಿನಿಕಂಪ್ಯೂಟರ್ ಕಂಪನಿಯೊಂದು 50 ಲಕ್ಷ ಡಾಲರ್ ಕೇಳಿತ್ತು, ದೊಡ್ಡ ಕಂಪ್ಯೂಟರಿನ ಕಂಪನಿ ಎರಡೂವರೆ ಕೋಟಿ ಡಾಲರ್. ಒಂದೇ ಕೆಲಸಕ್ಕೆ ಐದು ಪಟ್ಟು ವ್ಯತ್ಯಾಸ. ಸೆಕೆಂಡಿಗೊಂದು ವಹಿವಾಟು ನಡೆಸಲು ಎಷ್ಟು ಹಣ ಬೀಳುತ್ತದೆ ಎಂದು ಕೇಳುವ ಪದ್ಧತಿ ಗಟ್ಟಿಯಾಗಿದ್ದು ಈ ಎರಡು ಲಕೋಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಮುಂದೆ 1985ರ ಏಪ್ರಿಲ್ 1ರ ‘ಡೇಟಾಮೇಷನ್’ ಪತ್ರಿಕೆಯಲ್ಲಿ ಆ ಬ್ಯಾಂಕಿನ ಕಥೆಯೇ ಒಂದು ಪರೀಕ್ಷೆಯ ರೂಪದಲ್ಲಿ ಅಚ್ಚಾಯಿತು. ಲೇಖಕರ ಜಾಗದಲ್ಲಿ ‘ಅನಾಮಿಕ ಮತ್ತು ಇತರರು’ ಎಂದಿತ್ತು. ಅದರ ಹಿಂದಿದ್ದವರು ಟ್ಯಾಂಡೆಮ್ ಕಂಪನಿಯ ಜಿಮ್ ಗ್ರೇ. ಬೇರೆ ಬೇರೆ ಕಡೆಯ ಹಲವರು ಓದಿ ತಿದ್ದಿದ ಬರಹವದು. ‘ಡೆಬಿಟ್‌ಕ್ರೆಡಿಟ್’ ಎಂಬ ಆ ಪರೀಕ್ಷೆ ಬಹಳ ಸರಳ. ಗ್ರಾಹಕ ಹಣ ಕಟ್ಟುತ್ತಾನೆ ಇಲ್ಲವೇ ತೆಗೆಯುತ್ತಾನೆ. ಅವನ ಖಾತೆ, ಕ್ಯಾಷಿಯರ್, ಶಾಖೆ ಈ ಮೂರರ ಬಾಕಿ ಬದಲಾಗುತ್ತದೆ, ಚರಿತ್ರೆಯ ಕಡತಕ್ಕೆ ಒಂದು ಸಾಲು ಸೇರುತ್ತದೆ. ಇಂಥ ನೂರು ವಹಿವಾಟಿನಲ್ಲಿ 95 ಒಂದು ಸೆಕೆಂಡಿನೊಳಗೆ ಮುಗಿಯಬೇಕು. ಎಷ್ಟು ವಹಿವಾಟು ಎಂಬುದರ ಜೊತೆಗೇ ಎಷ್ಟು ಹೊತ್ತು ಎಂದೂ ಕೇಳಿದ್ದು ಆ ಬರಹದ ದೊಡ್ಡತನ.

ಮಾರಾಟಗಾರರು ಮಾಡಿದ್ದೇನು? ಈ ಪರೀಕ್ಷೆಯಿಂದ ಕೌಂಟರಿನ ಟರ್ಮಿನಲ್ಲನ್ನೂ ನಡುವಿನ ಜಾಲವನ್ನೂ ಕಿತ್ತುಹಾಕಿ, ಕಂಪ್ಯೂಟರಿನ ಒಳಗೊಳಗೇ ವಹಿವಾಟು ಸುತ್ತಿಸುವ ‘ಟಿಪಿ1’ ಎಂಬ ರೂಪವನ್ನು ಓಡಿಸಿ ದೊಡ್ಡ ದೊಡ್ಡ ಅಂಕಿ ಪ್ರಕಟಿಸತೊಡಗಿದರು. ಯಾರ ಅಂಕಿಯನ್ನು ಯಾರದ್ದರ ಜೊತೆ ಹೋಲಿಸಬೇಕೋ ತಿಳಿಯದಂತಾಯಿತು. ಈ ಗೊಂದಲಕ್ಕೆ ಕಡಿವಾಣ ಹಾಕಲು 1988ರಲ್ಲಿ ಉದ್ಯಮ ವಿಶ್ಲೇಷಕ ಓಮ್ರಿ ಸೆರ್ಲಿನ್ ಎಂಟು ಕಂಪನಿಗಳನ್ನು ಒಪ್ಪಿಸಿ ಟಿಪಿಸಿ ಎಂಬ ಮಂಡಳಿ ಕಟ್ಟಿದರು. ನಿಯಮ ಬಂದರೂ ಅಡ್ಡದಾರಿ ನಿಲ್ಲಲಿಲ್ಲ. ಒರೇಕಲ್ ತನ್ನ ಡೇಟಾಬೇಸಿಗೆ ಮಂಡಳಿಯ ಪರೀಕ್ಷೆಗೆಂದೇ ಒಂದು ವಿಶೇಷ ಸೌಲಭ್ಯ ಸೇರಿಸಿದೆ ಎಂದು 1993ರಲ್ಲಿ ಸ್ಟ್ಯಾಂಡಿಷ್ ಗ್ರೂಪ್ ಎಂಬ ಸಲಹಾ ಸಂಸ್ಥೆ ಆರೋಪಿಸಿತು. ಪರೀಕ್ಷೆಗೆಂದೇ ಮಾಡಿಕೊಂಡ ಏರ್ಪಾಡು ಯಾವುದೂ ನಡೆಯದು ಎಂದು ಮಂಡಳಿ ಆಮೇಲೆ ನಿಯಮ ಬಿಗಿ ಮಾಡಿತು.

ಗ್ರೇ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. 2007ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಒಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋದವರು ಮರಳಲಿಲ್ಲ. ಇವತ್ತು ಬ್ಯಾಂಕು, ಆಸ್ಪತ್ರೆ, ಕಾರ್ಖಾನೆಗಳಿಗೆ ಸ್ಟೋರೇಜ್ ಕೊಳ್ಳುವ ಪ್ರತಿಯೊಬ್ಬರೂ ಅವರ ಆ ಬರಹ ಓದಬೇಕು ಎಂದು ನಾನು ಹೇಳುತ್ತಲೇ ಇರುತ್ತೇನೆ. ಏಕೆಂದರೆ ನಡುವಿನ ಜಾಲವನ್ನು ಕಿತ್ತುಹಾಕಿ ಅಳೆಯುವ ಚಾಳಿ ಇನ್ನೂ ಹೋಗಿಲ್ಲ.

ಒಂದು ಓದಿನ ದಾರಿ

‘ಸರ್ವರ್ ಸ್ಲೋ ಇದೆ, ಸ್ವಲ್ಪ ಕಾಯಿರಿ’ ಎಂಬ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆಗ ಬಹಳ ಸಲ ಸರ್ವರಿನ ತಪ್ಪೇನೂ ಇರುವುದಿಲ್ಲ. ಅದು ಇನ್ನೆಲ್ಲಿಂದಲೋ ಬರಬೇಕಾದ ಉತ್ತರಕ್ಕೆ ಕಾಯುತ್ತಿರುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ದತ್ತಾಂಶವನ್ನು ಸರ್ವರಿನ ಹೊಟ್ಟೆಯಲ್ಲಿ ಇಡುವುದಿಲ್ಲ. ಅದಕ್ಕೆಂದೇ ಪ್ರತ್ಯೇಕ ಪೆಟ್ಟಿಗೆಗಳಿರುತ್ತವೆ. ಡೇಟಾ ಸೆಂಟರಿನವರು ಅವನ್ನು ‘ಅರೇ’ ಎನ್ನುತ್ತಾರೆ. ಸರ್ವರಿಗೂ ಅರೇಗೂ ನಡುವೆ ಇರುವುದೇ ಸ್ಟೋರೇಜ್ ಜಾಲ, ಅಂದರೆ ಸ್ಯಾನ್. ಖಾತೆಯ ಬಾಕಿ ಎಷ್ಟು ಎಂದು ಡೇಟಾಬೇಸ್ ಕೇಳಿದಾಗ ಆ ಕೋರಿಕೆ ಆಪರೇಟಿಂಗ್ ಸಿಸ್ಟಂನ ಸಾಲಿನಲ್ಲಿ ನಿಂತು, ಸರ್ವರನ್ನು ಜಾಲಕ್ಕೆ ಜೋಡಿಸುವ ಎಚ್‌ಬಿಎ ಕಾರ್ಡಿನಿಂದ ಹೊರಟು, ಒಂದೋ ಎರಡೋ ಸ್ವಿಚ್ ದಾಟಿ, ಅರೇಯ ಕಂಟ್ರೋಲರ್ ತಲುಪುತ್ತದೆ. ಅಲ್ಲಿನ ಕ್ಯಾಶೆ ಮೆಮೊರಿಯಲ್ಲಿ ಸಿಕ್ಕರೆ ಸರಿ, ಇಲ್ಲವಾದರೆ ಡಿಸ್ಕಿನವರೆಗೂ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ವಾಪಸು. ಈ ದಾರಿ ಬಹಳ ವರ್ಷ ಫೈಬರ್ ಚಾನೆಲ್ ಎಂಬ ಜಾಲತಂತ್ರದ ಕೈಯಲ್ಲೇ ಇತ್ತು. 2004ರಲ್ಲಿ ಐಸ್ಕಸಿ ಎಂಬ ಮಾನದಂಡ ಬಂದು ಸಾಮಾನ್ಯ ಈಥರ್‌ನೆಟ್ ಕೇಬಲ್ಲಿನಲ್ಲೂ ಇದೇ ಕೆಲಸ ಸಾಧ್ಯವಾಯಿತು. 2016ರಿಂದ ಎನ್‌ವಿಎಂಇ ಓವರ್ ಫ್ಯಾಬ್ರಿಕ್ಸ್ ಎಂಬ ಇನ್ನೂ ಚುರುಕಾದ ದಾರಿ ತೆರೆದಿದೆ.

ಮೊದಲು ಈ ದಾರಿಯ ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ನಿಧಾನವಾಗಿತ್ತು. ನಿಮಿಷಕ್ಕೆ 15,000 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೆ 4 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತೋಳು ಸರಿಯಲು ಇನ್ನೊಂದು ಮೂರು ಮೂರೂವರೆ ಮಿಲಿಸೆಕೆಂಡ್. ಒಂದು ಡಿಸ್ಕು ಸೆಕೆಂಡಿಗೆ 180ರ ಸುಮಾರು ಓದು ಮಾಡಿದರೆ ಅದೇ ಹೆಚ್ಚು. ಇಷ್ಟು ಕಾಯುವಾಗ ಜಾಲದಲ್ಲಿ ಕಳೆದ ಕೆಲವು ಮೈಕ್ರೊಸೆಕೆಂಡ್‌ಗಳು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಫ್ಲ್ಯಾಶ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಡಿಸ್ಕಿನ ಪಾಲು 100 ಮೈಕ್ರೊಸೆಕೆಂಡಿನ ಆಸುಪಾಸಿಗೆ ಇಳಿಯಿತು. ಈಗ ನಡುದಾರಿಯ ಪ್ರತಿಯೊಂದು ತಡೆಯೂ ಎದ್ದು ಕಾಣುತ್ತದೆ. ಜಾಲವನ್ನು ಬಿಟ್ಟು ಅರೇಯನ್ನಷ್ಟೇ ಅಳೆಯುವುದು ಮೊದಲಾದರೂ ಹೇಗೋ ನಡೆಯುತ್ತಿತ್ತು, ಈಗ ನಡೆಯದು.

ದೂರದ ಲೆಕ್ಕವೂ ಹೀಗೇ. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ. 100 ಕಿಲೋಮೀಟರ್ ಆಚೆ ಇರುವ ಇನ್ನೊಂದು ಡೇಟಾ ಸೆಂಟರಿಗೆ ಪ್ರತಿ ಬರಹದ ನಕಲೂ ಕೂಡಲೇ ತಲುಪಿ, ‘ಮುಟ್ಟಿತು’ ಎಂಬ ಉತ್ತರ ಬರಬೇಕೆಂದರೆ ಹೋಗಿಬರಲು ಒಂದು ಮಿಲಿಸೆಕೆಂಡ್ ಆಯಿತು. ಎಷ್ಟು ದುಡ್ಡು ಸುರಿದರೂ ಇದು ಕಡಿಮೆಯಾಗುವುದಿಲ್ಲ.

ಹತ್ತು ಲಕ್ಷದ ಅಂಕಿ

ಸ್ಟೋರೇಜ್ ಮಾರುವವರ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇರುವುದು ಐಓಪಿಎಸ್. ಸೆಕೆಂಡಿಗೆ ಎಷ್ಟು ಓದು ಬರಹ ಎಂದರ್ಥ. ಹತ್ತು ಲಕ್ಷ ಎಂದು ಬರೆದಿದ್ದರೆ ಆ ಅಂಕಿ ಸುಳ್ಳಾಗಿರಬೇಕೆಂದಿಲ್ಲ. ಎಷ್ಟು ದೊಡ್ಡ ತುಂಡು, ಓದೋ ಬರಹವೋ, ಒಟ್ಟಿಗೆ ಎಷ್ಟು ಕೋರಿಕೆ ಬಾಕಿ ಇದ್ದವು, ಪ್ರತಿಯೊಂದಕ್ಕೂ ಎಷ್ಟು ಹೊತ್ತು ಬೇಕಾಯಿತು ಎಂಬುದನ್ನು ಹೇಳದಿದ್ದರೆ ಅದರಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ, ಅಷ್ಟೆ.

ತುಂಡಿನ ವಿಷಯ ನೋಡೋಣ. 8 ಗಿಗಾಬಿಟ್ ಫೈಬರ್ ಚಾನೆಲ್ ಪೋರ್ಟ್ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 800 ಮೆಗಾಬೈಟ್ ಸಾಗಿಸುತ್ತದೆ. ಡೇಟಾಬೇಸ್‌ಗಳು ಸಾಮಾನ್ಯವಾಗಿ ಬಳಸುವ 8 ಕಿಲೋಬೈಟ್ ತುಂಡಿನಲ್ಲಿ ಒಂದು ಲಕ್ಷ ಓದು ಬರುವಷ್ಟರಲ್ಲಿ ಆ ಪೋರ್ಟ್ ಭರ್ತಿ. 64 ಕಿಲೋಬೈಟ್ ಆದರೆ 12,000 ದಾಟುವಷ್ಟರಲ್ಲೇ ಭರ್ತಿ. 512 ಬೈಟಿನ ಪುಟ್ಟ ತುಂಡಾದರೆ ಲಕ್ಷ ಓದಿಗೂ ಸಾಗುವುದು ಬರೀ 50 ಮೆಗಾಬೈಟ್. ನಿಮ್ಮ ಡೇಟಾಬೇಸ್ ಎಂದೂ ಕೇಳದ ಪುಟ್ಟ ತುಂಡಿನಲ್ಲಿ ಅಳೆದು ತೋರಿಸಿದ ದೊಡ್ಡ ಅಂಕಿಯಿಂದ ನಿಮಗೇನು ಉಪಯೋಗ?

ಬಾಕಿ ಕೋರಿಕೆಗಳ ವಿಷಯ ಇನ್ನೂ ಮುಖ್ಯ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮ ಇದಕ್ಕೆ ಕೀಲಿಕೈ. ದರ್ಶಿನಿ ಹೋಟೆಲಿಗೆ ನಿಮಿಷಕ್ಕೆ 10 ಜನ ಬರುತ್ತಾರೆ, ಒಬ್ಬೊಬ್ಬರು 12 ನಿಮಿಷ ಇರುತ್ತಾರೆ ಎಂದರೆ ಯಾವಾಗ ಎಣಿಸಿದರೂ ಒಳಗೆ ಸರಾಸರಿ 120 ಜನ. ಅರೇಯೂ ಹಾಗೆಯೇ: ಒಳಗಿರುವ ಕೋರಿಕೆ ಎಂದರೆ ಸೆಕೆಂಡಿಗೆ ಮುಗಿಯುವ ಕೋರಿಕೆ ಗುಣಿಲೆ ಒಂದಕ್ಕೆ ಹಿಡಿಯುವ ಹೊತ್ತು. 32 ಕೋರಿಕೆ ಸದಾ ಒಳಗಿದ್ದು ಒಂದೊಂದಕ್ಕೂ ಅರ್ಧ ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ 64,000. ಅದು ಆ ಅರೇಯ ಗರಿಷ್ಠ ಮಿತಿ ಎನ್ನಿ. ಈಗ ಪರೀಕ್ಷೆ ಮಾಡುವವರು 512 ಕೋರಿಕೆಗಳನ್ನು ತುರುಕುತ್ತಾರೆ. ಅಂಕಿ 64,000ಕ್ಕೇ ನಿಲ್ಲುತ್ತದೆ, ಒಂದೊಂದು ಕೋರಿಕೆ ಕಾಯುವ ಹೊತ್ತು ಮಾತ್ರ ಹದಿನಾರು ಪಟ್ಟಾಗಿ 8 ಮಿಲಿಸೆಕೆಂಡಿಗೆ ಏರುತ್ತದೆ. ವರದಿಯಲ್ಲಿ ಎರಡೂ ಒಂದೇ ಅಂಕಿ. ಕೌಂಟರಿನಲ್ಲಿ ನಿಂತವರಿಗೆ ಎರಡೂ ಒಂದೇ ಅಲ್ಲ.

ಸಾಲಿನ ಈ ಗಣಿತ ಕಂಪ್ಯೂಟರಿಗಿಂತ ಹಳೆಯದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲೇ ಇದಕ್ಕೆ ಅಡಿಪಾಯ ಹಾಕಿದ್ದರು. ಒಂದೇ ಕೌಂಟರಿನ ಸರಳ ಮಾದರಿ ಹಿಡಿದರೆ, ಯಂತ್ರ ಅರ್ಧದಷ್ಟು ಕೆಲಸದಲ್ಲಿದ್ದಾಗ ಉತ್ತರಕ್ಕೆ ಬೇಕಾದ ಹೊತ್ತು ಖಾಲಿ ಇದ್ದಾಗಿನ ಎರಡು ಪಟ್ಟು. ಶೇ 80ಕ್ಕೆ ಐದು ಪಟ್ಟು, ಶೇ 90ಕ್ಕೆ ಹತ್ತು ಪಟ್ಟು. ಅದಕ್ಕೇ ಗರಿಷ್ಠ ಅಂಕಿಯ ಹತ್ತಿರ ಯಾರೂ ವ್ಯವಹಾರ ನಡೆಸಲಾಗದು. 2001ರಲ್ಲಿ ಬಂದ ‘ಎಸ್‌ಪಿಸಿ-1’ ಎಂಬ ಸ್ಟೋರೇಜ್ ಪರೀಕ್ಷೆ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಗರಿಷ್ಠ ಹೊರೆಯ ಶೇ 10, 50, 80, 90, 95, 100ರಲ್ಲಿ ಉತ್ತರದ ಹೊತ್ತು ಎಷ್ಟೆಷ್ಟು ಎಂದು ಅದು ಗೆರೆ ಎಳೆದು ತೋರಿಸುತ್ತದೆ. ಬೆಲೆಯನ್ನೂ ಬರೆಯಬೇಕು, ಹೊರಗಿನವರು ಬಂದು ಪರಿಶೀಲಿಸಬೇಕು. ಆ ಗೆರೆ ಎಲ್ಲಿ ಮೇಲಕ್ಕೆ ಬಾಗುತ್ತದೋ ಅದನ್ನು ನೋಡಿ ಕೊಳ್ಳಬೇಕು, ತುದಿಯನ್ನು ನೋಡಿ ಅಲ್ಲ.

ಈ ಪರೀಕ್ಷೆಯ ಸುತ್ತಲೂ ಜಗಳ ಆಗಿದೆ. 2008ರ ಜನವರಿಯಲ್ಲಿ ನೆಟ್‌ಆಪ್ ಕಂಪನಿ ತನ್ನ ಅರೇಯ ಜೊತೆಗೆ ಪ್ರತಿಸ್ಪರ್ಧಿ ಇಎಂಸಿಯ ಕ್ಲಾರಿಯಾನ್ ಅರೇಯನ್ನೂ ತಾನೇ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿಬಿಟ್ಟಿತು. ಈ ಪರೀಕ್ಷೆ ನಿಜವಾದ ಕೆಲಸವನ್ನು ಹೋಲುವುದಿಲ್ಲ ಎಂಬುದು ಇಎಂಸಿಯ ವಾದವಾಗಿತ್ತು. ಪ್ರತಿಸ್ಪರ್ಧಿಯ ಯಂತ್ರವನ್ನು ಪೂರ್ತಿ ಮನಸ್ಸಿಟ್ಟು ಹದಗೊಳಿಸುವವರು ಯಾರೂ ಇಲ್ಲ, ಹಾಗೆಯೇ ಅಳತೆಯೇ ಬೇಡ ಎನ್ನುವುದೂ ಒಪ್ಪತಕ್ಕದ್ದಲ್ಲ. ಇಬ್ಬರ ನಡುವೆ ನಾನು ಅಳೆದು ತೋರಿಸುವವರ ಪಕ್ಷ.

ಸುಲಭವಾಗಿ ಪಾಸಾಗುವ ಪರೀಕ್ಷೆಗಳು

ಪರೀಕ್ಷೆಯ ಸಾಧನಗಳಿಗೆ ಬರವಿಲ್ಲ. ಇಂಟೆಲ್ 1998ರಲ್ಲಿ ಹೊರತಂದ ಐಯೋಮೀಟರ್ ಇದೆ. ಲಿನಕ್ಸ್‌ನ ಯೆನ್ಸ್ ಆಕ್ಸ್‌ಬೋ ಬರೆದ ‘ಫಿಯೊ’ ಇವತ್ತು ಬಹಳಷ್ಟು ಲ್ಯಾಬ್‌ಗಳಲ್ಲಿ ಓಡುತ್ತದೆ. ಮೈಕ್ರೋಸಾಫ್ಟ್‌ನ ಡಿಸ್ಕ್‌ಎಸ್‌ಪಿಡಿ, ಎಕ್ಸ್‌ಚೇಂಜ್ ಮೇಲ್ ಸರ್ವರಿಗೆಂದೇ ಮಾಡಿದ ಜೆಟ್‌ಸ್ಟ್ರೆಸ್ ಇವೆ. ಎಲ್ಲವೂ ಉಚಿತ. ಸಾಧನ ಒಳ್ಳೆಯದಿದ್ದರೂ ಪರೀಕ್ಷೆ ಕೆಡುವುದು ಅದನ್ನು ಹೂಡುವ ರೀತಿಯಲ್ಲಿ.

ಪರೀಕ್ಷೆಯ ಕಡತ 20 ಗಿಗಾಬೈಟ್, ಅರೇಯ ಕ್ಯಾಶೆ 256 ಗಿಗಾಬೈಟ್ ಇದ್ದರೆ ಡಿಸ್ಕನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ. ಬರೀ ಸೊನ್ನೆಗಳನ್ನು ಬರೆದರೆ, ಈಗಿನ ಎಷ್ಟೋ ಅರೇಗಳು ಅದನ್ನು ಗುರುತಿಸಿ ‘ಇಲ್ಲಿ ಸೊನ್ನೆ’ ಎಂದು ಗುರುತಿಟ್ಟು ಸುಮ್ಮನಾಗುತ್ತವೆ. ಬರೆಯುವ ಕೆಲಸವೇ ನಡೆದಿರುವುದಿಲ್ಲ. ಹೊಸ ಎಸ್‌ಎಸ್‌ಡಿಯ ವಿಷಯವಂತೂ ಎಲ್ಲರೂ ತಿಳಿದಿರಬೇಕು. ಫ್ಲ್ಯಾಶ್‌ನಲ್ಲಿ ಹಳೆಯದರ ಮೇಲೆ ನೇರವಾಗಿ ಬರೆಯಲಾಗುವುದಿಲ್ಲ, ದೊಡ್ಡ ಬ್ಲಾಕನ್ನೇ ಅಳಿಸಬೇಕು. ಪೆಟ್ಟಿಗೆಯಿಂದ ತೆಗೆದ ದಿನ ಎಲ್ಲ ಬ್ಲಾಕೂ ಖಾಲಿ, ಬರಹ ಸಲೀಸು. ತುಂಬಿದ ಮೇಲೆ ಒಂದು ಬರಹಕ್ಕೆ ಮೊದಲು ಹಳೆಯ ಚೂರುಗಳನ್ನು ಬೇರೆಡೆ ಸಾಗಿಸಿ ಜಾಗ ಬಿಡಿಸುವ ಕೆಲಸ ಹಿನ್ನೆಲೆಯಲ್ಲಿ ಶುರುವಾಗುತ್ತದೆ, ವೇಗ ಕುಸಿಯುತ್ತದೆ. ಮೊದಲು ಪೂರ್ತಿ ತುಂಬಿ, ಮತ್ತೆ ಮತ್ತೆ ಬರೆದು, ವೇಗ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆಯೇ ಅಳೆಯಬೇಕು ಎಂದು ಸ್ಟೋರೇಜ್ ಉದ್ಯಮದ ಸಂಘವಾದ ಸ್ನಿಯಾ ವಿಧಾನ ರೂಪಿಸಿದ್ದು ಇದಕ್ಕಾಗಿಯೇ. ಅರ್ಧ ಗಂಟೆಯ ಡೆಮೊ ನೋಡಿ ಸಹಿ ಹಾಕಿದವರು ಆ ಮಟ್ಟವನ್ನು ನೋಡಿಯೇ ಇರುವುದಿಲ್ಲ.

ಇನ್ನು ಸರಾಸರಿ. ನೂರು ಓದಿನಲ್ಲಿ 99 ಥಟ್ಟನೆ ಮುಗಿದು ಒಂದು ಮಾತ್ರ ತಡವಾದರೆ ಸರಾಸರಿ ಸುಂದರವಾಗಿಯೇ ಇರುತ್ತದೆ. ಆದರೆ ಒಂದು ವಹಿವಾಟಿಗೆ 50 ಓದು ಬೇಕಿದ್ದರೆ, ಅದರಲ್ಲಿ ಒಂದಾದರೂ ಆ ನಿಧಾನದ ಓದಿಗೆ ಸಿಕ್ಕಿಬೀಳುವ ಸಂಭವ ಶೇ 40ರ ಹತ್ತಿರ. ನೂರಕ್ಕೊಂದು ಎಂದು ಬಿಟ್ಟದ್ದು ಐವರಲ್ಲಿ ಇಬ್ಬರನ್ನು ಕಾಯಿಸುತ್ತದೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಬರೆದ ಹೆಸರಾಂತ ಪ್ರಬಂಧ ನೂರು ಸರ್ವರ್‌ಗಳನ್ನು ಒಟ್ಟಿಗೆ ಕೇಳುವ ಕೆಲಸಕ್ಕೆ ಇದೇ ಲೆಕ್ಕ ಹಾಕಿ ಶೇ 63 ಎಂದು ತೋರಿಸಿತ್ತು. ಟೆಂಡರಿನಲ್ಲಿ ‘ಸರಾಸರಿ ಒಂದು ಮಿಲಿಸೆಕೆಂಡ್’ ಎಂದಷ್ಟೇ ಬರೆದವರು ಅರ್ಧ ಪ್ರಶ್ನೆಯನ್ನೂ ಕೇಳಿಲ್ಲ.

ತಡವಾಗುವ ಆ ಒಂದು ಓದಿಗೆ ಕಾರಣ ಎಲ್ಲಿರುತ್ತದೋ ಊಹಿಸಲಾಗದು. 2008ರ ಡಿಸೆಂಬರ್ 31ರಂದು ಸನ್ ಕಂಪನಿಯ ಬ್ರೆಂಡನ್ ಗ್ರೆಗ್ ತಮ್ಮ ಲ್ಯಾಬಿನಲ್ಲಿ ಡಿಸ್ಕುಗಳ ಪೆಟ್ಟಿಗೆಗೆ ಮುಖ ಹತ್ತಿರ ಇಟ್ಟು ಗಂಟಲು ಬಿಟ್ಟು ಕಿರುಚಿದರು. ಸಹೋದ್ಯೋಗಿ ಬ್ರಯಾನ್ ಕ್ಯಾಂಟ್ರಿಲ್ ಅದನ್ನು ಚಿತ್ರೀಕರಿಸಿದರು. ಪರದೆಯ ಮೇಲಿನ ಗ್ರಾಫಿನಲ್ಲಿ, ಕಿರುಚಿದ ಕ್ಷಣಕ್ಕೆ ಸರಿಯಾಗಿ, ಕೆಲವು ಓದು ಬರಹಗಳ ಚುಕ್ಕೆಗಳು ಚಂಗನೆ ಮೇಲೆ ಹಾರಿದ್ದವು. ದನಿಯ ಕಂಪನಕ್ಕೆ ಡಿಸ್ಕಿನ ತಲೆ ದಾರಿ ತಪ್ಪಿ ಮತ್ತೆ ಹುಡುಕಬೇಕಾಗಿತ್ತು. ಬರೀ ಸರಾಸರಿ ನೋಡುವ ಗ್ರಾಫಾಗಿದ್ದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಪ್ರತಿ ಕೋರಿಕೆಯ ಹೊತ್ತನ್ನೂ ಬಿಡಿಬಿಡಿಯಾಗಿ ಹರವಿ ತೋರಿಸಿದ್ದರಿಂದ ಕಂಡಿತು.

ರಾತ್ರಿ ಹನ್ನೊಂದಕ್ಕೆ

ಜಾಲ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದು ಬ್ಯಾಂಕಿಗೆ ಪೂರ್ತಿ ಫ್ಲ್ಯಾಶ್‌ನ ಹೊಸ ಅರೇ ಬಂದಿತ್ತು. ಹಗಲಿನ ಪರೀಕ್ಷೆಯಲ್ಲಿ ಚಿನ್ನದಂಥ ಅಂಕಿ. ಆದರೆ ತಿಂಗಳ ಕೊನೆಯ ಡೇ ಎಂಡ್, ಅಂದರೆ ಬಡ್ಡಿ ಹಾಕಿ ದಿನದ ಲೆಕ್ಕ ಮುಚ್ಚುವ ಕೆಲಸ, ಹಳೆಯ ಯಂತ್ರದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟೇ ಹಿಡಿಯಿತು. ‘ಏನ್ರೀ ಇದು, ಇಷ್ಟು ದುಡ್ಡು ಹಾಕಿದ ಮೇಲೂ ಅಷ್ಟೇ ಹೊತ್ತಾಗ್ತಿದೆಯಲ್ರೀ?’ ಎಂದು ಮ್ಯಾನೇಜರ್ ಕೇಳಿದರು. ರಾತ್ರಿ ಪಾಳಿಯ ಹುಡುಗ ಪರದೆ ತೋರಿಸಿ, ‘ನೋಡಿ ಸರ್, ಅರೇ ಸುಮ್ಮನೆ ಕೂತಿದೆ’ ಎಂದ. ಅವನು ಹೇಳಿದ್ದು ಸರಿಯಾಗಿತ್ತು.

ಫೈಬರ್ ಚಾನೆಲ್‌ನಲ್ಲಿ ಯಾರೂ ಹೇಳದೆ ಕೇಳದೆ ಫ್ರೇಮ್ ಕಳಿಸುವಂತಿಲ್ಲ. ‘ನನ್ನಲ್ಲಿ ಇಷ್ಟು ಫ್ರೇಮಿಗೆ ಜಾಗ ಇದೆ’ ಎಂದು ಪಡೆಯುವವರು ಮೊದಲೇ ಹೇಳಿರುತ್ತಾರೆ. ಅದಕ್ಕೆ ಕ್ರೆಡಿಟ್ ಎನ್ನುತ್ತಾರೆ. ಒಂದು ಫ್ರೇಮ್ ಹೋದರೆ ಒಂದು ಕ್ರೆಡಿಟ್ ಕಡಿಮೆ, ಪಡೆದವರು ಜಾಗ ಖಾಲಿ ಮಾಡಿ ಸಂಕೇತ ಕಳಿಸಿದರೆ ಅದು ವಾಪಸು. ಕ್ರೆಡಿಟ್ ಮುಗಿದರೆ ಕಾಯಬೇಕು. ಹಾಗಾಗಿ ದಾರಿಯಲ್ಲಿ ಜಾಗವಿಲ್ಲವೆಂದು ಫ್ರೇಮ್ ಎಸೆಯುವ ಪ್ರಶ್ನೆ ಏಳುವುದಿಲ್ಲ. ಈ ಒಳ್ಳೆಯ ಗುಣವೇ ಆ ರಾತ್ರಿ ಮುಳುವಾಗಿತ್ತು. ಹನ್ನೊಂದಕ್ಕೆ ಬ್ಯಾಕಪ್ ಶುರುವಾಗುತ್ತಿತ್ತು. ಬ್ಯಾಕಪ್ ಸರ್ವರಿನ ಕಾರ್ಡು ಹಳೆಯ 8 ಗಿಗಾಬಿಟ್‌ನದು, ಅರೇಯ ಪೋರ್ಟು ಹೊಸ 32 ಗಿಗಾಬಿಟ್‌ನದು. ಬ್ಯಾಕಪ್ ಸರ್ವರ್ ದೊಡ್ಡ ದೊಡ್ಡ ತುಂಡು ಕೇಳುತ್ತಿತ್ತು, ಅರೇ ಒಂದೇ ಉಸಿರಿಗೆ ಕೊಡುತ್ತಿತ್ತು, ಹಳೆಯ ಕಾರ್ಡು ಅಷ್ಟನ್ನು ನುಂಗಲಾರದೆ ಕ್ರೆಡಿಟ್ ಹಿಂದಿರುಗಿಸುವುದು ತಡವಾಗುತ್ತಿತ್ತು. ಫ್ರೇಮುಗಳು ಸ್ವಿಚ್ಚಿನಲ್ಲಿ ನಿಂತವು, ಆಮೇಲೆ ಎರಡು ಸ್ವಿಚ್ಚುಗಳ ನಡುವಿನ ಕೊಂಡಿಯೇ ಕಟ್ಟಿಕೊಂಡಿತು. ಅದೇ ಕೊಂಡಿಯ ಮೇಲೆ ಹೋಗಬೇಕಿದ್ದ ಡೇಟಾಬೇಸಿನ ಓದುಗಳು ಯಾವ ತಪ್ಪೂ ಮಾಡದೆ ಹಿಂದೆ ನಿಂತವು. ಕ್ರೆಡಿಟ್ ಶೂನ್ಯಕ್ಕಿಳಿದ ಹೊತ್ತನ್ನು ಎಣಿಸುವ ಕೌಂಟರ್ ಸ್ವಿಚ್ಚಿನಲ್ಲೇ ಇತ್ತು, ಓಡುತ್ತಲೂ ಇತ್ತು. ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಬ್ಯಾಕಪ್ ಸರ್ವರನ್ನು ಅರೇ ಇದ್ದ ಸ್ವಿಚ್ಚಿಗೇ ಸರಿಸಿ, ಅದಕ್ಕೆಂದು ಅರೇಯ ಬೇರೆ ಪೋರ್ಟ್ ಕೊಟ್ಟ ಮೇಲೆ ಡೇ ಎಂಡ್ ಚುರುಕಾಯಿತು. ಹೊಸ ಯಂತ್ರದ ವೇಗ ಅಲ್ಲಿಯವರೆಗೆ ಬ್ಯಾಂಕಿಗೆ ಸಿಕ್ಕಿರಲೇ ಇಲ್ಲ.

ಹಗಲಿನ ಪರೀಕ್ಷೆ ಬ್ಯಾಕಪ್ಪಿಲ್ಲದೆ ನಡೆದಿತ್ತು. ಟಿಪಿ1 ಕಾಲದಲ್ಲಿ ಟರ್ಮಿನಲ್ ಕಿತ್ತಂತೆಯೇ ಇಲ್ಲಿ ರಾತ್ರಿಯನ್ನು ಕಿತ್ತುಹಾಕಿದ್ದರು.

ಏನನ್ನು ಕೇಳಬೇಕು

ಬೆಂಗಳೂರಿಗೆ ಈ ವಿಷಯ ಹೊರಗಿನದಲ್ಲ. ನೆಟ್‌ಆಪ್, ಡೆಲ್, ಎಚ್‌ಪಿಇಯಂಥ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ. ನೂರಾರು ಬ್ಯಾಂಕುಗಳ ಲೆಕ್ಕ ನಡೆಸುವ ಇನ್ಫೊಸಿಸ್‌ನ ಫಿನಾಕಲ್ ಬೆಳೆದದ್ದೂ ಇಲ್ಲೇ. ಜಗತ್ತಿನ ಅರೇಗಳನ್ನು ಅಳೆಯುವ ಜನ ನಮ್ಮ ಊರಿನಲ್ಲೇ ಕೆಲಸಕ್ಕೆ ಹೋಗುತ್ತಾರೆ. ಹೀಗಿರುವಾಗ ನಮ್ಮ ಸಹಕಾರಿ ಬ್ಯಾಂಕು, ಜಿಲ್ಲೆಯ ಆಸ್ಪತ್ರೆ, ಕಾಲೇಜುಗಳು ಕರಪತ್ರದ ಅಂಕಿಯನ್ನೇ ಟೆಂಡರಿಗೆ ನಕಲು ಮಾಡಿಕೊಳ್ಳುವುದನ್ನು ನೋಡಿದರೆ ಬೇಸರವಾಗುತ್ತದೆ.

ದುಬಾರಿ ಸಲಹೆಗಾರರು ಬೇಕಿಲ್ಲ. ಈಗಿರುವ ವ್ಯವಸ್ಥೆಯಲ್ಲೇ ಒಂದು ತಿಂಗಳ ದಾಖಲೆ ತೆಗೆಯಿರಿ: ಓದು ಎಷ್ಟು, ಬರಹ ಎಷ್ಟು, ತುಂಡಿನ ಗಾತ್ರ ಏನು, ಅತಿ ಹೆಚ್ಚು ಹೊರೆ ಯಾವ ದಿನ ಯಾವ ಗಂಟೆಗೆ. ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಇದನ್ನು ಬರೆದಿಡುವ ಸೌಲಭ್ಯ ಮೊದಲಿಂದಲೂ ಇದೆ. ಬಿಡ್ ಮಾಡುವವರ ಮುಂದೆ ಅದನ್ನಿಟ್ಟು, ನಮ್ಮ ಹೊರೆಯನ್ನೇ, ನಮ್ಮ ಸರ್ವರಿನಿಂದಲೇ, ನಮ್ಮ ಸ್ವಿಚ್ಚುಗಳ ಮೂಲಕವೇ ಓಡಿಸಿ ತೋರಿಸಿ ಎನ್ನಿ. ಬ್ಯಾಕಪ್ ನಡೆಯುತ್ತಿರಲಿ. ಹೊರೆ ತುಂಬಿದಾಗ ಒಂದು ಕೇಬಲ್ ಎಳೆಯಿರಿ, ಒಂದು ಕಂಟ್ರೋಲರ್ ನಿಲ್ಲಿಸಿ, ಉಳಿದ ದಾರಿಗೆ ಹೊರಳಲು ಎಷ್ಟು ಸೆಕೆಂಡ್ ಹಿಡಿಯಿತು, ಆಗ ಡೇಟಾಬೇಸ್ ಸಹಿಸಿಕೊಂಡಿತೇ ನೋಡಿ. ಇದನ್ನು ಮಾಡಲು ಒಪ್ಪದ ಮಾರಾಟಗಾರರನ್ನು ನಾನಾದರೆ ಅಲ್ಲಿಗೇ ಕೈಬಿಡುತ್ತೇನೆ. ಒಪ್ಪಂದದಲ್ಲಿ ಸರಾಸರಿಯ ಜೊತೆಗೆ ನೂರಕ್ಕೆ 99 ಓದುಗಳು ಎಷ್ಟು ಹೊತ್ತಿನೊಳಗೆ ಮುಗಿಯಬೇಕು, ಸಾವಿರಕ್ಕೆ 999 ಎಷ್ಟರೊಳಗೆ ಎಂದು ಬರೆಸಿ.

ಯಂತ್ರ ಕೂರಿಸಿದ ವಾರ ತೆಗೆದ ಈ ಎಲ್ಲ ಗ್ರಾಫುಗಳನ್ನು, ಸ್ವಿಚ್ಚಿನ ಕೌಂಟರುಗಳ ಸಮೇತ, ದಿನಾಂಕ ಹಾಕಿ ಕಡತದಲ್ಲಿಡಿ. ಮೂರು ವರ್ಷದ ನಂತರ ಶಾಖೆಯವರು ಫೋನ್ ಮಾಡಿ ಸ್ಲೋ ಎಂದಾಗ, ಆವತ್ತು ಎಷ್ಟಿತ್ತು, ಇವತ್ತು ಎಷ್ಟಾಗಿದೆ, ಯಾವ ಹೆಜ್ಜೆಯಲ್ಲಿ ಹೆಚ್ಚಾಗಿದೆ ಎಂದು ಹುಡುಕಲು ಆ ಕಡತ ಬೇಕಾಗುತ್ತದೆ.